ಸೇಸಮ್ಮ ಪಂಚಾಯತಿಯಲ್ಲಿ ಕೇಳಿದ್ದು

ಶಿರ್ತಾಡಿಯ ಸೇಸಮ್ಮನ ಗಂಡ ತುಕ್ರಪ್ಪ ಮೂರ್ತೆ ಕೆಲಸದವನು. ತಾಳೆ ಮರ ಹತ್ತಿ ಶೇಂದಿ ಇಳಿಸುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಪಾನನಿರೋಧದ ಕಾನೂನು ಬಂದ ಮೇಲೂ ಕದ್ದು ಹತ್ತುತ್ತಿದ್ದ. ನೆಲದ ಮೇಲಿನ ಯಾವ ಕೆಲಸವೂ ಅವನಿಗೆ ಒಗ್ಗಲಿಲ್ಲ. ಒಮ್ಮೆ ಸಿಕ್ಕಿಬಿದ್ದು ಮೂರು ತಿಂಗಳು ಜೈಲಿನಲ್ಲಿದ್ದು ಬಂದ. ಎರಡನೆಯ ಸಲ ಪೊಲೀಸರು ಹುಡುಕಿಕೊಂಡು ಬಂದ ದಿನ ಮನೆಗೆ ಬರಲೇ ಇಲ್ಲ. ಚಾರ್ಮಾಡಿಯ ದಾರಿ ಹಿಡಿದು ಘಟ್ಟ ಹತ್ತಿಬಿಟ್ಟ. ಅದು ಐವತ್ತಮೂರನೆಯ ಇಸವಿ. ಮಗಳು ಪದ್ಮಾಕ್ಷಿಗೆ ಆಗ ಎರಡು ವರ್ಷ.

ಮೊದಮೊದಲು ಘಟ್ಟ ಇಳಿಯುವ ಲಾರಿಯವರ ಕೈಯಲ್ಲಿ ಒಂದಿಷ್ಟು ಕಾಫಿಬೀಜ, ಮಗಳಿಗೊಂದು ಲಂಗ ಕಳಿಸುತ್ತಿದ್ದ. ಲಂಗ ಪ್ರತಿ ಸಲವೂ ಗಿಡ್ಡ. ಅವನ ಕಣ್ಣಲ್ಲಿ ಮಗಳು ಬೆಳೆದೇ ಇರಲಿಲ್ಲ. ಐವತ್ತೆಂಟರ ನಂತರ ಅದೂ ನಿಂತಿತು.

ಸೇಸಮ್ಮ ಬೀಡಿ ಕಟ್ಟಿ ಮಗಳನ್ನು ಸಾಕಿದಳು. ಅವನಿಗೆ ಮೇಲೆ ಬೇರೆ ಸಂಸಾರ ಉಂಟಂತೆ ಎಂದು ಹೇಳಿದವರಿದ್ದರು. ಅವಳು ಅದನ್ನು ಕೇಳುತ್ತಲೇ ಬೀಡಿ ಕಟ್ಟುತ್ತಿದ್ದಳು. ಕಾನೂನು ಬರುವ ಮೊದಲು ಬೆಳಿಗ್ಗೆ ಮರದ ತುದಿಯಿಂದ ಅವನು ಕಂಡದ್ದನ್ನೆಲ್ಲ ಅವಳಿಗೆ ಕೂಗಿ ಹೇಳುತ್ತಿದ್ದ: ಯಾರ ಗದ್ದೆಗೆ ಕೋಣ ಇಳಿದಿದೆ, ಮೂಡಬಿದ್ರೆಯ ಬಸ್ಸು ಎಲ್ಲಿಗೆ ಮುಟ್ಟಿದೆ. ಅವನು ಹೋದ ಮೇಲೆ ಅವಳ ಊರು ಅಂಗಳದಷ್ಟಕ್ಕೆ ಸಣ್ಣದಾಯಿತು.

ಅರವತ್ತೇಳರಲ್ಲಿ ಸರಕಾರ ಪಾನನಿರೋಧವನ್ನು ತೆಗೆಯಿತು. ಅದೇ ವರ್ಷ ಜೀನಸಿನಂಗಡಿಯ ಕಮಲಾಕ್ಷ ಪಂಚಾಯತಿಗೆ ಅರ್ಜಿ ಹಾಕಿದ: ಅಕ್ಕಿ, ಸೀಮೆಎಣ್ಣೆಯ ಜೊತೆ ತನ್ನ ಅಂಗಡಿಯಲ್ಲೇ ಬಾಟ್ಲಿ ಮಾರಲು ಒಪ್ಪಿಗೆ ಬೇಕು. ಸುದ್ದಿ ಕೇಳಿ ಹತ್ತಾರು ಹೆಂಗಸರು ಬೇಡವೆನ್ನಲು ಸಭೆಗೆ ಹೊರಟರು. ಸೇಸಮ್ಮನೂ ಅವರ ಜೊತೆ ಹೋದಳು.

ಸಭೆ ಮಧ್ಯಾಹ್ನದವರೆಗೂ ನಡೆಯಿತು. ಬೆಲ್ಲ ತರಲು ಹೋದ ಮಕ್ಕಳು ಅಲ್ಲಿ ಏನೇನು ನೋಡಬೇಕು ಎಂದು ಸದಸ್ಯ ಮೊಯಿದಿನಬ್ಬ ಕೇಳಿದರು. ಗುಡ್ಡದಲ್ಲಿ ಕಳ್ಳಭಟ್ಟಿ ಕುಡಿದು ಸಾಯುವುದಕ್ಕಿಂತ ಕಣ್ಣೆದುರು ಮಾರುವುದೇ ವಾಸಿ ಎಂದು ಇನ್ನೊಬ್ಬರ ವಾದ. ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ ಎಂದು ಕಮಲಾಕ್ಷ ಮಾತು ಕೊಟ್ಟ. ಹೆಂಗಸರು ಒಪ್ಪಲಿಲ್ಲ. ಕೊನೆಗೆ ಅಧ್ಯಕ್ಷ ಧರ್ಣಪ್ಪ ಶೆಟ್ಟರು ಸೇಸಮ್ಮನ ಕಡೆ ತಿರುಗಿದರು. ಈ ಕಸುಬಿನಿಂದಲೇ ಗಂಡನನ್ನು ಕಳೆದುಕೊಂಡವಳು, ಖಂಡಿತ ಬೇಡವೆನ್ನುತ್ತಾಳೆ ಎಂದು ಅವರೆಣಿಕೆ.

ಸೇಸಮ್ಮ ಎದ್ದು ನಿಂತಳು. ತುಳುವಿನಲ್ಲಿ, ಮೆಲ್ಲಗೆ ಹೇಳಿದಳು: "ಅಂಗಡಿಯಲ್ಲಿ ಬೇಡ, ದಣಿ. ಅದು ಮಕ್ಕಳು ಬರುವ ಜಾಗ. ಆದ್ರೆ ಮರದಿಂದ ಇಳಿಸಿದ್ದನ್ನು ಮಾರ್ಲಿಕ್ಕೆ ಬೇರೆ ಎಲ್ಲಿಯಾದ್ರೂ ಒಂದು ಜಾಗ ಕೊಡಿ. ಪದ್ಮಾಕ್ಷಿಯ ಅಪ್ಪ ವಾಪಸು ಬಂದ್ರೆ ಅವರಿಗೆ ಕೆಲಸ ಬೇಕಲ್ಲ."

ಹಿಂದಿನಿಂದ ಯಾರೋ ನಕ್ಕರು. ಮೊಯಿದಿನಬ್ಬ ಅತ್ತ ತಿರುಗಿ ನೋಡಿದ ಮೇಲೆ ನಗು ನಿಂತಿತು. ತಾನು ಶೇಂದಿ ಮುಟ್ಟಿದವನಲ್ಲ, ಆದರೆ ಈ ಹೆಂಗಸು ಕೇಳಿದ್ದರಲ್ಲಿ ನ್ಯಾಯ ಉಂಟು ಎಂದರು. ಕಮಲಾಕ್ಷನ ಅರ್ಜಿ ಬಿದ್ದುಹೋಯಿತು. ಶಾಲೆಯಿಂದ ದೂರದಲ್ಲಿ ಶೇಂದಿಗೊಂದು ಅಂಗಡಿ ಆಗಬಹುದೆಂದು ಮೇಲಿನವರಿಗೆ ಬರೆಯುವುದೆಂದು ತೀರ್ಮಾನವಾಯಿತು. ಹೆಂಗಸರು ಅವಳನ್ನು ಬಿಟ್ಟು ಮುಂದೆ ನಡೆದರು. ಅವಳೊಬ್ಬಳೇ ಮನೆಗೆ ಬಂದಳು.

ಮೊಯಿದಿನಬ್ಬರ ಲಾರಿ ಘಟ್ಟದ ಮೇಲೆ ಹೋಗುತ್ತಿತ್ತು. ಅವರು ತೋಟತೋಟಗಳಲ್ಲಿ ತುಕ್ರಪ್ಪನನ್ನು ವಿಚಾರಿಸಿ, ಶೇಂದಿ ಇಳಿಸಲು ಈಗ ಅಡ್ಡಿಯಿಲ್ಲ, ಸೇಸಮ್ಮ ಕರೆಯುತ್ತಿದ್ದಾಳೆ ಎಂದು ತಿಳಿಸಲು ಡ್ರೈವರಿಗೆ ಹೇಳಿದರು. ನಾಲ್ಕು ತಿಂಗಳ ಮೇಲೆ ಒಂದು ಸಂಜೆ ತುಕ್ರಪ್ಪ ಬಸ್ಸಿಳಿದು ಬಂದ. ತಲೆ ಬೆಳ್ಳಗಾಗಿತ್ತು, ಎಡಗಾಲು ಎಳೆದು ನಡೆಯುತ್ತಿದ್ದ. ಪದ್ಮಾಕ್ಷಿ ಒಳಗಿನಿಂದ ಯಾರೋ ಎಂಬಂತೆ ನೋಡಿ, ಕುಡಿಯಲು ನೀರು ತಂದಿಟ್ಟಳು.

ಬೇರೆ ಸಂಸಾರವೇನೂ ಇರಲಿಲ್ಲ. ಐವತ್ತೆಂಟರಲ್ಲಿ, ಅಲ್ಲೂ ಶೇಂದಿ ಇಳಿಸಲು ಹತ್ತಿ, ಬೈನೆ ಮರದಿಂದ ಬಿದ್ದಿದ್ದ. ಅಲ್ಲಿಂದೀಚೆಗೆ ತೋಟದ ಗೇಟು ಕಾಯುತ್ತಿದ್ದ.

"ನನ್ನಿಂದ ಇನ್ನು ಮರ ಹತ್ಲಿಕ್ಕೆ ಆಗುವುದಿಲ್ಲ, ಸೇಸು" ಎಂದ. "ಅದನ್ನು ಹೇಳಿ ಹೋಗುವ ಅಂತ ಬಂದೆ."

"ನಾನು ಮರ ಹತ್ಲಿಕ್ಕೆ ಕರೆದದ್ದಲ್ಲ" ಎಂದಳು ಸೇಸಮ್ಮ.

ಅವನು ಉಳಿದ. ಆದರೆ ಹದಿನಾಲ್ಕು ವರ್ಷ ತಾನು ಕಾದದ್ದು ಈ ಮನುಷ್ಯನಿಗೇ ಎಂದು ಮನಸ್ಸನ್ನು ಒಪ್ಪಿಸಲು ಅವಳಿಗೆ ಬಹಳ ದಿನ ಹಿಡಿಯಿತು. ಅವನು ಪಕ್ಕದಲ್ಲೇ ಕೂತು ಬೀಡಿಯ ಎಲೆ ಕತ್ತರಿಸುತ್ತಿದ್ದರೂ ಅವಳಿಗೆ ಹಳೆಯ ತುಕ್ರಪ್ಪ ಬೇಕೆನಿಸುತ್ತಿತ್ತು. ಅವನಿಗೂ ಇಲ್ಲಿ ಪೂರ್ತಿ ಮನಸ್ಸು ನಿಂತಂತೆ ಕಾಣಲಿಲ್ಲ. ಚಳಿ ಶುರುವಾದರೆ ಸುಮ್ಮನೆ ಮೂಡಣಕ್ಕೆ, ಘಟ್ಟದ ಕಡೆ ನೋಡುತ್ತ ಕೂರುತ್ತಿದ್ದ.

ಮುಂದಿನ ವರ್ಷ ಅವಳೇ ಹೇಳಿದಳು, ಒಮ್ಮೆ ಹೋಗಿ ನೋಡಿ ಬರುವ ಎಂದು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಘಟ್ಟ ಹತ್ತಿದರು. ಕೊಟ್ಟಿಗೆಹಾರದಾಚೆಯ ಆ ತೋಟದಲ್ಲಿ ಕೂಲಿಯವರ ಸಾಲುಮನೆ ಇತ್ತು. ಅವನಿದ್ದ ಕೋಣೆಯಲ್ಲಿ ಬೇರೆ ಯಾರೋ ಬಿಡಾರ ಹೂಡಿದ್ದರು. ಸೇಸಮ್ಮ ಅವರಲ್ಲಿ ಕೇಳಿಕೊಂಡು ಒಳಗೆ ಹೋದಳು. ಮಲಗುತ್ತಿದ್ದದ್ದು ಎಲ್ಲಿ ಎಂದು ವಿಚಾರಿಸಿದಳು. ಅವನು ಕಿಟಕಿಯ ಕೆಳಗಿನ ಮೂಲೆ ತೋರಿಸಿದ. ಅವಳು ಆ ಮೂಲೆಯಲ್ಲಿ ಕುಳಿತು, ಬಸ್ಸಿಗೆ ಹೊತ್ತಾಯಿತೆಂದು ಅವನು ಎರಡು ಸಲ ಕರೆಯುವವರೆಗೂ ಏಳಲಿಲ್ಲ.