ಹೆತ್ತಮ್ಮನಿಗೂ ಸಿಗದ ಗುರುತು

ವಿನೋಬನಗರದ ನಮ್ಮ ಸುದ್ದಿವಾಹಿನಿಯ ಸ್ಟುಡಿಯೋದಲ್ಲಿ ನಾನು ಸುದ್ದಿ ಬರೆಯುತ್ತಿದ್ದೆ, ನಮ್ಮ ಹಿರಿಯ ಎಡಿಟರ್ ವಿಡಿಯೋ ಎಡಿಟ್ ಮಾಡುತ್ತಿದ್ದರು. ಯಾರದಾದರೂ ಮುಖ ಮಸುಕು ಮಾಡುವಾಗ ಕನ್ನಡಕವನ್ನು ಹಣೆಗೇರಿಸಿ, "ಹೆತ್ತಮ್ಮಂಗೂ ಗುರುತು ಸಿಗ್ಬಾರ್ದು, ಮಾರಾಯ" ಎನ್ನುತ್ತಿದ್ದರು.

ಭದ್ರಾವತಿಯ ಕಾರ್ಖಾನೆಯೊಂದರ ಹುಡುಗಿ ಮೇಲ್ವಿಚಾರಕನ ಕಿರುಕುಳದ ಬಗ್ಗೆ ನಮ್ಮ ಕ್ಯಾಮೆರಾ ಮುಂದೆ ಮಾತಾಡಿದ್ದಳು. ಗುರುತು ಬಿಟ್ಟುಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೆವು. ಎಡಿಟರ್ ಅವಳ ಮುಖ ಮಸುಕಾಗಿಸಿ, ದನಿ ಬದಲಿಸಿ, ಜೊತೆಗೆ ಬಂದಿದ್ದ ಅವಳ ತಾಯಿಗೇ ತೋರಿಸಿದರು.

"ಯಾರು ನೋಡಿದ್ರೂ ನಮ್ ಹುಡುಗಿ ಅಂತಾರಪ್ಪ. ಬಳೆ ತಿರುಗಿಸೋದು ನೋಡಿ" ಎಂದರು ಆಕೆ.

"ಸಾಕು ಬಿಡಿ ಸಾರ್, ಬುಲೆಟಿನ್ ಟೈಮಾಯ್ತು" ಎಂದೆ ನಾನು.

ಅವರು ತಿರುಗಿಯೂ ನೋಡಲಿಲ್ಲ. ಮಸುಕನ್ನು ಇನ್ನಷ್ಟು ಹೆಚ್ಚಿಸಿ ಕೈ, ಸೆರಗು, ಕೂತ ಭಂಗಿ ಎಲ್ಲವನ್ನೂ ಮುಚ್ಚಿ ತಾಯಿಯನ್ನು ಮತ್ತೆ ಕರೆದರು.

ತಾಯಿ ಬಗ್ಗಿ ಬಗ್ಗಿ ನೋಡಿದರು. "ಇದ್ರಲ್ಲಿ ನಮ್ ಹುಡುಗಿ ಎಲ್ಲಿದಾಳಪ್ಪ?"

ಎಡಿಟರ್ ಕನ್ನಡಕ ಕೆಳಗಿಳಿಸಿದರು. "ಈಗ ಬುಲೆಟಿನ್‌ಗೆ ಕಳ್ಸು, ಮಾರಾಯ."