ರಮಾನಾಥನ ರಾಜಿ ಪತ್ರ

ಮುಂಡಾಜೆಯ ರಮಾನಾಥನ ಬಲಗೈ ಏಟು ತಿಂದವರಿಗೆ ಚಾರ್ಮಾಡಿ ಘಾಟಿಯ ತಿರುವುಗಳೆಲ್ಲ ಒಂದೇ ಸಲ ಕಾಣುತ್ತಿದ್ದವು. ಅವನ ಗುದ್ದಿಗೆ ಹಾರಿದ ಒಂದು ದವಡೆಹಲ್ಲು ಟಿಕೆಟಿಲ್ಲದೆ ಉಜಿರೆ ಬಸ್ಸು ಹತ್ತಿತಂತೆ. ಎಲ್ಲಿ ಇಳಿಯಿತೆಂದು ಕಂಡವರಿಲ್ಲ, ಅಷ್ಟೆ.

ಕೆಂಪುಕಲ್ಲು ಸಾಗಿಸುವ ಪಿಕಪ್ಪು ಅವನ ಜೀವನಾಧಾರ. ಅದರ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಲು ತೆಗೆದ ಬ್ಯಾಂಕ್ ಸಾಲದ ಕಂತು ಭಾರವಾದಾಗ ಮೂಡುಬಿದಿರೆಯಲ್ಲಿ ಸಾಲ ಪರಿಹಾರ ಕಂಪನಿಯ ಬೋರ್ಡು ಕಂಡಿತು. ಒಳಗೆ ದೇವಿಪ್ರಸಾದ್ ಎಂಬ ನಯವಾದ ಮನುಷ್ಯ ಕೂತಿದ್ದ.

"ಅಣ್ಣಾ, ಇನ್ನು ಬ್ಯಾಂಕಿಗೆ ಒಂದು ಪೈಸೆ ಕಟ್ಟಬೇಡಿ. ತಿಂಗಳು ತಿಂಗಳು ನಮಗೆ ಕಟ್ಟಿ. ಅವರು ಸುಸ್ತಾದ ಮೇಲೆ ಅರ್ಧಕ್ಕೆ ರಾಜಿ ಮಾಡಿಸಿ ಕೊಡ್ತೇನೆ."

"ಅವರು ಮನೆಗೆ ಬಂದರೆ?"

"ನನ್ನ ನಂಬರ್ ಕೊಡಿ."

ನಂಬರ್ ಕೊಡುವಷ್ಟು ಪುರುಸೊತ್ತು ಯಾರಿಗೂ ಸಿಗಲಿಲ್ಲ. ಬ್ಯಾಂಕಿನ ವಸೂಲಿಗೆ ಬಂದ ಮೂವರಲ್ಲಿ ಒಬ್ಬ ರಮಾನಾಥನ ಅಂಗಿಯನ್ನು ಅವನ ಹೆಂಡತಿ ಸರಸಳ ಎದುರೇ ಹಿಡಿದ. ಹಿಡಿದವನು ಪೊಳಲಿ ಜಾತ್ರೆಯ ಚೆಂಡಿನ ಹಾಗೆ ಉರುಳಿ ಗದ್ದೆ ಸೇರಿದ. ಎರಡನೆಯವನ ಮೂಗು ಒಡೆದು ಜಗಲಿಯೆಲ್ಲ ರಕ್ತವಾಯಿತು. ಮೂರನೆಯವನು ಕಬ್ಬಿಣದ ರಾಡಿನಿಂದ ರಮಾನಾಥನ ಹೆಗಲ ಮೂಳೆ ಮುರಿದು, ಕೈ ಇನ್ನೂ ತುರಿಸುತ್ತಿತ್ತೋ ಏನೋ, ಪಿಕಪ್ಪಿನ ಗಾಜನ್ನೂ ಪುಡಿ ಮಾಡಿ ಹೋದ.

ಹತ್ತು ತಿಂಗಳ ಮೇಲೆ ನಿಜವಾಗಿಯೂ ಅರ್ಧಕ್ಕೆ ರಾಜಿಯಾಯಿತು. ರಮಾನಾಥ ಬ್ಯಾಂಕು ಕೊಟ್ಟ ರಾಜಿ ಪತ್ರವನ್ನು ದೇವರ ಕೋಣೆಯಲ್ಲಿಟ್ಟ. ಊರಿನ ದೈವದ ಚಾವಡಿಯಲ್ಲಿ ಹಿರಿಯರ ಮುಂದೆ ವೀಳ್ಯ ಹಿಡಿದು ರಾಜಿಯಾದ ಮೇಲೆ ಹಳೆಯ ಮಾತು ಎತ್ತಿದವನೇ ತಪ್ಪುಗಾರ, ದಂಡವೂ ಅವನಿಗೇ. ಹುಟ್ಟಿದಂದಿನಿಂದ ಕಂಡ ಆ ಕಟ್ಟುಪಾಡು ಬ್ಯಾಂಕಿಗೂ ಉಂಟೆಂದು ಅವನು ಗಟ್ಟಿಯಾಗಿ ನಂಬಿದ.

ಮೂರು ವರ್ಷ ಕಳೆಯಿತು. ಬಂಟ್ವಾಳ ಪೇಟೆಯ ನಡುವೆ ಕಲ್ಲು ಹೇರಿದ್ದ ಪಿಕಪ್ಪು ಬೆನ್ನು ಮುರಿದು ಮಲಗಿತು. ಕಲ್ಲಿನ ಕೋರೆಯ ಯಾಕೂಬ್ ಖಡಾಖಂಡಿತವಾಗಿ ಹೇಳಿದ: "ಹದಿನೈದು ದಿನದಲ್ಲಿ ಬೇರೆ ಗಾಡಿ ತಾ ಮಾರಾಯ. ಇಲ್ಲದಿದ್ರೆ ಕಲ್ಲು ಸಾಗಿಸುವ ಬಾಡಿಗೆ ಬೇರೆಯವರಿಗೆ ಕೊಡ್ತೇನೆ. ಮತ್ತೆ ನನಗೆ ಬೈಬೇಡ."

ರಮಾನಾಥ ಬೆಳ್ತಂಗಡಿಗೆ ಹೋಗಿ ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತಿದ. ಸಾಲದ ಮೇಜಿನ ಶುಭಶ್ರೀ ಕಂಪ್ಯೂಟರ್ ನೋಡಿ ತಲೆಯಲ್ಲಾಡಿಸಿದಳು.

"ನಿಮ್ಮ ಸಿಬಿಲ್ ಸ್ಕೋರ್ ಐನೂರ ಹದಿನೆಂಟು. ಆಗುವುದಿಲ್ಲ."

"ರಾಜಿ ಆಗಿದೆಯಲ್ಲ ಮೇಡಂ! ಪತ್ರ ಉಂಟು."

"ಅದೇ ತೊಂದರೆ. ಪೂರ್ತಿ ಕಟ್ಟಲಿಲ್ಲ, ಅರ್ಧಕ್ಕೆ ಬಿಟ್ಟದ್ದು ಅಂತ ಎಲ್ಲ ಬ್ಯಾಂಕಿನವರೂ ನೋಡುವ ಈ ಸಿಬಿಲ್ ದಾಖಲೆಯಲ್ಲಿ ಉಂಟು. ಹತ್ತು ತಿಂಗಳು ಕಂತು ನಿಲ್ಲಿಸಿದ್ದೂ ಉಂಟು. ರಾಜಿಯಾದಂದಿನಿಂದ ಏಳು ವರ್ಷ ಇರ್ತದೆ."

"ರಾಜಿಯಾದ ವಿಷಯ ಪುನಃ ಎತ್ತುವುದಾ? ಮರ್ಯಾದೆ ಉಂಟಾ ನಿಮಗೆ?"

ಗುದ್ದಿದ ರಭಸಕ್ಕೆ ಮೇಜಿನ ಗಾಜು ಸೀಳಿತು. ಅವನ ಮುಷ್ಟಿಯಿಂದ ರಕ್ತ ಇಳಿಯಿತು. ಶುಭಶ್ರೀ ಫೈಲನ್ನು ಮಾತ್ರ ಪಕ್ಕಕ್ಕೆ ಸರಿಸಿದಳು.

"ಗುದ್ದಿ. ಗಾಜು ಒಡೆದದ್ದು ಸಿಬಿಲಿಗೆ ಹೋಗುವುದಿಲ್ಲ. ಕಂತು ತಪ್ಪಿದ್ದು ಮಾತ್ರ ಹೋಗುವುದು."

ಅದೇ ರಕ್ತದ ಕೈಯಲ್ಲಿ ರಮಾನಾಥ ಮೂಡುಬಿದಿರೆಗೆ ಹೋಗಿ, ಚಾ ಕುಡಿಯುತ್ತಿದ್ದ ದೇವಿಪ್ರಸಾದನನ್ನು ಕಾಲರ್ ಹಿಡಿದು ನೆಲದಿಂದ ಎತ್ತಿದ.

"ಇದನ್ನು ಯಾಕೆ ಮೊದಲೇ ಹೇಳಲಿಲ್ಲ?"

"ಹೇಳಿದ್ರೆ ನೀವು ಸೇರ್ತಿದ್ದಿರಾ ಅಣ್ಣಾ?"

ಏಟು ಬಿತ್ತು. ಸಾವಿರ ಕಂಬದ ಬಸದಿಯ ಕಂಬಗಳೆಲ್ಲ, ತಾವು ಸರಿಯಾಗಿ ಇದ್ದೇವೋ ಎಂದು ಒಮ್ಮೆ ತಮ್ಮನ್ನೇ ಎಣಿಸಿಕೊಂಡವು. ದೇವಿಪ್ರಸಾದನ ಕಿವಿಯಿಂದ ರಕ್ತ ಸುರಿಯಿತು.

ಎರಡೂ ಕಡೆಯ ಹಿರಿಯರು ಅವರನ್ನು ಚಾವಡಿಗೆ ಕರೆಸಿದರು. ರಮಾನಾಥ ಔಷಧಿಯ ಖರ್ಚು ಕೊಟ್ಟ, ವೀಳ್ಯ ಹಿಡಿದ, ಒಂದು ಗಂಟೆಯಲ್ಲಿ ರಾಜಿಯಾಯಿತು. ದೇವಿಪ್ರಸಾದನಿಗೆ ಆ ಕಿವಿ ಇಂದಿಗೂ ಸರಿಯಾಗಿ ಕೇಳುವುದಿಲ್ಲ. ಆದರೂ ಎದುರಿಗೆ ಸಿಕ್ಕರೆ "ಊಟ ಆಯಿತಾ ಅಣ್ಣಾ?" ಎನ್ನುತ್ತಾನೆಯೇ ಹೊರತು ಏಟಿನ ಸುದ್ದಿ ಎತ್ತಿದವನಲ್ಲ.

ಹದಿನಾರನೆಯ ದಿನದಿಂದ ರಮಾನಾಥ ಯಾಕೂಬನ ಪಿಕಪ್ಪನ್ನೇ ದಿನಗೂಲಿಗೆ ಓಡಿಸುತ್ತಿದ್ದಾನೆ. ಬೆಳ್ತಂಗಡಿಯ ಆ ಬ್ಯಾಂಕಿನ ಮುಂದೆ ಬಂದಾಗ ಮಾತ್ರ ಗೇರು ಇಳಿಸಿ, ಯಾರಿಗೂ ಕೇಳದ ಹಾಗೆ ಹೇಳಿಕೊಳ್ಳುತ್ತಾನೆ: "ಇನ್ನು ನಾಲ್ಕು ವರ್ಷ ಉಂಟು."