ಸದ್ದು ಮಾಡುವ ಕ್ಯಾಮೆರಾ ಹಿಡಿದು ಅರಕಲಗೂಡಿಗೆ

ನನ್ನ ಮೊಮ್ಮಗಳು ರಶ್ಮಿ ಗೆದ್ದು ಬಂದಳು! ಅರಕಲಗೂಡಿನ ನಾಮಕರಣಕ್ಕೆ ಹೋಗಿ ಒಬ್ಬಳೇ ತೆಗೆದ ಫೋಟೋಗಳಲ್ಲಿ ಒಂದರಲ್ಲೂ ಪಟ್ಟೆ ಬಿದ್ದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕ ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯದೆ ಇರಲಾರೆ.

ಬೆಳಿಗ್ಗೆ ಆರಕ್ಕೆ ಮಂಜಿನಲ್ಲೇ ಬಾಗೂರು ಬಿಟ್ಟೆವು. ಚನ್ನರಾಯಪಟ್ಟಣದಲ್ಲಿ ಹೊಳೆನರಸೀಪುರದ ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಇಲ್ಲ. ದುಡಿಯಲು ಹೊರಟವಳಿಗೆ ಬಿಟ್ಟಿ, ಕ್ಯಾಮೆರಾ ಸ್ಟ್ಯಾಂಡ್ ಹೊತ್ತ ನನಗೆ ದುಡ್ಡು! "ಏನ್ ಯಜಮಾನ್ರೇ, ಶೂಟಿಂಗಾ?" ಎಂದು ಕಂಡಕ್ಟರ್ ನಕ್ಕ. ರಶ್ಮಿ ನಗಲಿಲ್ಲ. ಹೋದ ತಿಂಗಳು ಒಂದು ಮದುವೆಯಲ್ಲಿ ಸದ್ದಿಲ್ಲದ ಶಟರ್ ಇಟ್ಟು ತೆಗೆದದ್ದೆಲ್ಲ ಅಡ್ಡ ಪಟ್ಟೆ ಬಿದ್ದು ಕೆಟ್ಟಿತ್ತು. ಇದೂ ಕೆಟ್ಟರೆ ಕೆಲಸಕ್ಕೆ ಬರಬೇಡ ಎಂದಿದ್ದರು ಸ್ಟುಡಿಯೋದವರು.

"ಅದ್ಯಾಕವ್ವ ಪಟ್ಟೆ ಬೀಳ್ತದೆ?" ಎಂದೆ.

"ಎಲ್‌ಇಡಿ ಲೈಟು ನಮ್ ಕಣ್ಗೆ ಕಾಣ್ದಂಗೆ ಮಿಣುಕ್ತಿರ್ತದೆ ತಾತ. ಸದ್ದಿಲ್ದಿರೋ ಶಟರ್ರು ಒಂದೊಂದೇ ಗೆರೆ ಓದ್ಕಂಡು ಓಗ್ತದೆ. ಒಂದ್ ಗೆರೆಗೆ ಬೆಳ್ಕು, ಇನ್ನೊಂದ್ಕೆ ಕತ್ಲು. ಇನ್ನೊಂದು ಶಟರ್ರಲ್ಲಿ ನಿಜವಾದ ಪರದೆನೇ ಎದ್ದು ಬೀಳ್ತದೆ. ಪಟ್ಟೆ ಕಮ್ಮಿ, ಟಕ್ ಅನ್ನೋ ಸದ್ದು ಜಾಸ್ತಿ."

"ಅಂಗಾರೆ ಸದ್ದಿಂದೇ ಇಡವ್ವ."

ಹೊಳೆನರಸೀಪುರದಲ್ಲಿ ಇಡ್ಲಿ ತಿಂದು, ಇನ್ನೊಂದು ಬಸ್ಸು ಹತ್ತಿ, ಹತ್ತು ಗಂಟೆಗೆ ಅರಕಲಗೂಡಿನ ಆ ಮನೆ ಸೇರಿದೆವು. ಹಜಾರದ ತುಂಬ ಎಲ್‌ಇಡಿ ದೀಪ. ತೊಟ್ಟಿಲಲ್ಲಿ ದಿನ ತುಂಬದೆ ಹುಟ್ಟಿದ ಪುಟಾಣಿ ಮಗು. ರಶ್ಮಿ ಒಮ್ಮೆ ಟಕ್ ಎನ್ನಿಸಿದ್ದೇ ತಡ, ಬೆಚ್ಚಿ ಕಿರುಚಿತು. ಮಗುವಿನ ಅಜ್ಜಿ ಓಡಿ ಬಂದರು.

"ಆ ಸದ್ದು ನಿಲ್ಸವ್ವ! ಕಿವೀಲಿ ಎಸ್ರು ಏಳೋವಾಗ ಮಗ ಅಳಬಾರ್ದು ಕಣೆ."

"ಅಂಗಾರೆ ಲೈಟ್ ಆರ್ಸಿ ಅಜ್ಜಿ, ಕಿಟ್ಕಿ ಬೆಳ್ಕಲ್ಲಿ ಸದ್ದಿಲ್ದಂಗೆ ತಗೀತೀನಿ."

"ತೊಟ್ಲು ದಿನ ದೀಪ ಆರ್ಸಾದಾ? ಬಿಡ್ತು ಅನ್ನು!"

ರಶ್ಮಿ ನನ್ನತ್ತ ತಿರುಗಿದಳು. ಹೆಸರಿಡಲು ಇನ್ನು ಅರ್ಧ ಗಂಟೆಯಿತ್ತು. ಎತ್ತು ಪಳಗಿಸಿದ ಅನುಭವವೇ ಆಗ ಕೈಹಿಡಿಯಿತು. "ಟಿಲ್ಲರ್ ಸದ್ದಿಗೆ ಬೆಚ್ಚೋ ಕರುಗೆ ಮೊದ್ಲು ದೂರದಿಂದ ಕೇಳಿಸ್ತೀವಿ, ಆಮ್ಯಾಕೆ ಅತ್ರ ತತ್ತೀವಿ. ಅಂಗೇ ಮಾಡವ್ವ. ಬಾಗ್ಲಾಚೆಯಿಂದ ಸುಮ್ಕೆ ಒತ್ತು" ಎಂದೆ.

ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ರಶ್ಮಿ ಬಾಗಿಲಾಚೆಯಿಂದ ಟಕ್ ಟಕ್ ಎನ್ನಿಸಿದಳು. ಒಂದು ಹೆಜ್ಜೆ ಒಳಗೆ, ಮತ್ತೆ ಟಕ್ ಟಕ್.

"ನಮ್ ಮಗೀನ ಓರಿಗರು ಅನ್ಕಂಡ್ಯಾ ಯಜಮಾನ?" ಎಂದು ಅಜ್ಜಿ ರೇಗಿದರು. ನಾನು ಮಗುವಿನ ಕಾಲನ್ನೇ ನೋಡುತ್ತಿದ್ದೆ. ಮೊದಮೊದಲು ಪ್ರತಿ ಸದ್ದಿಗೂ ಕಾಲು ಒದೆಯುತ್ತಿತ್ತು. ರಶ್ಮಿ ತೊಟ್ಟಿಲ ಪಕ್ಕ ಬರುವ ಹೊತ್ತಿಗೆ ಸುಮ್ಮನಾಯಿತು.

ತಾಯಿ ಮಗುವನ್ನು ತೊಟ್ಟಿಲಿಗೆ ಹಾಕಿದಳು. ಸೋದರತ್ತೆ ಬಗ್ಗಿ ಮೂರು ಸಲ ಕಿವಿಯಲ್ಲಿ ಹೆಸರು ಹೇಳಿದಳು. ಟಕ್, ಟಕ್, ಟಕ್. ಮಗು ಅಳಲಿಲ್ಲ, ದೊಡ್ಡದಾಗಿ ಆಕಳಿಸಿತು! ಮೊದಲು ನಕ್ಕವರು ಅಜ್ಜಿಯೇ.

ಹಾಸನದ ಮೇಲೆ ಹಿಂತಿರುಗಿದೆವು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಸಣ್ಣ ಪಟ್ಟೆ ಕಾಣುವುದಿಲ್ಲವಂತೆ. ದಾರಿಯುದ್ದಕ್ಕೂ ಅದೇ ದಿಗಿಲು. ಹಾಸನದ ಬಸ್ ನಿಲ್ದಾಣದಲ್ಲಿ ಮೂರನೇ ಸಲ "ತೋರ್ಸವ್ವ" ಎಂದಾಗ, "ಏನಾರಾ ಒತ್ತಿ ಅಳಿಸ್ಬುಟ್ಟೀಯ, ಕೈ ತಗಿ ತಾತ!" ಎಂದಳು.

ಸಂಜೆ ಮನೆಯಲ್ಲಿ ಅವಳಪ್ಪ ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿದ. ಒಂದೊಂದೇ ಫೋಟೋ ಬಂತು. ಎಲ್ಲವೂ ಶುಭ್ರ! ರಶ್ಮಿ ಕೆಲವನ್ನು ಸ್ಟುಡಿಯೋಗೆ ಕಳಿಸಿದಳು.

ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು, ಮುದ್ದೆ, ಅವರೆಕಾಳು ಸಾರು. ಅಷ್ಟರಲ್ಲಿ ಸ್ಟುಡಿಯೋದಿಂದ ಫೋನ್ ಬಂತು. ಮುದ್ದೆಯ ಕೈಯನ್ನು ಮೇಲೆತ್ತಿಕೊಂಡು, ಎಡಗೈಯಲ್ಲಿ ಫೋನ್ ಹಿಡಿದು, "ಭಾನ್ವಾರದ್ ಕೆಲ್ಸಕ್ಕೆ ತಾನೆ? ಬತ್ತೀನಿ ಸಾ" ಎಂದಳು ರಶ್ಮಿ.

"ಉಣ್ಣಿ ಮಾವ," ಎಂದಳು ಸೊಸೆ, "ಅಳ್ತಾ ಕೂತ್ರೆ ಸಾರು ಆರೋಯ್ತದೆ."